ಗುಂಪಿನಲ್ಲಿ ಬೈಕ್ ಓಡಿಸುವಾಗ ಹಿಂದೆ ಬಿದ್ದರೆ ಏನು ಮಾಡಬೇಕು?

ಇಷ್ಟು ದಿನ ಒಬ್ಬರೇ ಓಡಿಸಿದ್ದೀರಿ. ಈಗ ಮೊದಲ ಸಲ ಎಂಟು ಬೈಕುಗಳ ಜೊತೆ ದೂರ ಹೊರಟಿದ್ದೀರಿ. ನಿಮ್ಮದೇ ಎಲ್ಲಕ್ಕಿಂತ ಚಿಕ್ಕ ಬೈಕು, ಹಿಂದೆ ಬಿದ್ದರೆ ಏನು ಗತಿ ಅಂತ ಕೇಳಿದ್ದೀರಿ. ಹಿಂದೆ ಬಿದ್ದರೆ ಹಿಂದೆಯೇ ಬನ್ನಿ. ಹಿಡಿಯೋಕೆ ಹೋಗಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ನಾನು ಹೊಸದಾಗಿ ಗುಂಪಿನಲ್ಲಿ ಹೋಗೋಕೆ ಶುರು ಮಾಡಿದಾಗಿನ ಮಾತು. ಆರು ಬೈಕು, ನಾನೇ ಕೊನೆ. ಒಂದು ಲಾರಿಯನ್ನು ಐದು ಜನ ದಾಟಿ ಹೋದರು, ನಾನೊಬ್ಬ ಉಳಿದುಕೊಂಡೆ. ನಾನು ದಾಟುವಷ್ಟರಲ್ಲಿ ರಸ್ತೆ ಖಾಲಿ. ಗಾಬರಿಯಲ್ಲಿ ಜೋರಾಗಿ ಓಡಿಸಿದೆ. ಎರಡು ತಿರುವು ಕಳೆದ ಮೇಲೆ ಗೆಳೆಯನ ಬೈಕಿನ ಕೆಂಪು ದೀಪ ಕಾಣಿಸಿತು. ಸದ್ಯ ಸಿಕ್ಕಿದರಲ್ಲ ಅಂತ ಕಣ್ಣು ಅದರ ಮೇಲೇ ನೆಟ್ಟೆ. ಆ ದೀಪ ಸರಕ್ಕನೆ ಪಕ್ಕಕ್ಕೆ ಜಾರಿ ಮರೆಯಾದಾಗಲೇ ಅಲ್ಲಿ ಇನ್ನೊಂದು ತಿರುವಿದೆ ಅಂತ ಗೊತ್ತಾಗಿದ್ದು. ಬ್ರೇಕ್ ಹಿಡಿದೆ. ಮುಂದಿನ ಚಕ್ರ ಡಾಂಬರು ಬಿಟ್ಟು ಜಲ್ಲಿಗೆ ಇಳಿಯಿತು, ಹ್ಯಾಂಡಲ್ ಕೈಯಲ್ಲಿ ನಡುಗಿತು. ಹೇಗೋ ಬೀಳಲಿಲ್ಲ. ಹೆಲ್ಮೆಟ್ಟಿನೊಳಗೆ ನನ್ನ ಉಸಿರು ಬುಸುಬುಸು ಅಂತ ಕೇಳಿಸಿದ್ದು ಇವತ್ತಿಗೂ ನೆನಪಿದೆ. ಮುಂದೆ ಹೋದ ಐದು ಜನರಿಗೆ ಇದು ಯಾವುದೂ ಗೊತ್ತೇ ಆಗಲಿಲ್ಲ.

ಹಿಂದಿನವರಿಗೆ ಯಾಕೆ ಹೀಗಾಗುತ್ತದೆ ಅಂದರೆ, ಸಾಲು ರಬ್ಬರ್ ಬ್ಯಾಂಡ್ ಥರ ಹಿಗ್ಗುತ್ತದೆ, ಕುಗ್ಗುತ್ತದೆ. ಮುಂದಾಳು ಗಂಟೆಗೆ 60 ಕಿ.ಮೀ. ವೇಗದಿಂದ 40ಕ್ಕೆ ಇಳಿದು ಮತ್ತೆ 60ಕ್ಕೆ ಬಂದ ಅನ್ನಿ. ಅವನಿಗೆ ಅದು ಲೆಕ್ಕಕ್ಕೇ ಇಲ್ಲ. ಎರಡನೆಯವನು ಚೂರು ತಡವಾಗಿ ವೇಗ ಹೆಚ್ಚಿಸುತ್ತಾನೆ, ಬಿದ್ದ ಅಂತರ ತುಂಬಲು 60 ದಾಟುತ್ತಾನೆ. ಮೂರನೆಯವನು ಇನ್ನಷ್ಟು. ಎಂಟನೆಯವನ ಹತ್ತಿರ ಬರುವಷ್ಟರಲ್ಲಿ ಅದು ಓಟದ ಪಂದ್ಯವೇ ಆಗಿರುತ್ತದೆ. ಹೊಸಬರನ್ನು ಕೊನೆಗೆ ಹಾಕುವುದು ಅದಕ್ಕೇ ತಪ್ಪು. ನಿಮ್ಮ ಜಾಗ ಮುಂದಾಳಿನ ಬೆನ್ನಿಗೆ, ಎರಡನೆಯದು. ಕೊನೆಯಲ್ಲಿ ಚೆನ್ನಾಗಿ ಪಳಗಿದವರು ಇರಬೇಕು, ಎಲ್ಲರಿಗೂ ಅವರ ಗುರುತು ಸಿಗಬೇಕು. ಎಂಟು ಜನ ಅಂದರೆ ನಾನಾಗಿದ್ದರೆ ನಾಲ್ಕು ನಾಲ್ಕರ ಎರಡು ಗುಂಪು ಮಾಡುತ್ತೇನೆ.

ಇನ್ನೊಂದು ನಿಯಮವನ್ನು ಎಲ್ಲರೂ ಒಪ್ಪಿಕೊಂಡೇ ಹೊರಡಿ: ಪ್ರತಿಯೊಬ್ಬರೂ ತಮ್ಮ ಹಿಂದಿನ ಬೈಕನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಕಾಣದಿದ್ದರೆ ನಿಧಾನ ಮಾಡಬೇಕು. ಒಬ್ಬರು ನಿಧಾನವಾದರೆ ಅವರ ಮುಂದಿನವರೂ ಆಗುತ್ತಾರೆ, ಹಾಗೇ ಅದು ಮುಂದಾಳಿನ ತನಕ ಮುಟ್ಟುತ್ತದೆ. ದಾರಿ ಕವಲೊಡೆಯುವ ಕಡೆ, ಹಿಂದಿನವರು ನೋಡುವ ತನಕ ಬದಿಯಲ್ಲಿ ನಿಲ್ಲಬೇಕು. ಇಷ್ಟು ನಡೆದರೆ ದಾರಿ ತಪ್ಪುವ ಭಯ ಹೋಗುತ್ತದೆ. ಬೆನ್ನಟ್ಟುವ ಆಸೆ ಹುಟ್ಟೋದೇ ಆ ಭಯದಿಂದ ಅಲ್ವಾ?

ನೇರ ರಸ್ತೆಯಲ್ಲಿ ಓರೆಸಾಲು ಒಳ್ಳೆಯದು. ಮುಂದಾಳು ತನ್ನ ಲೇನಿನಲ್ಲಿ ರಸ್ತೆಯ ನಡುಗೆರೆಯ ಕಡೆಗೆ, ಎರಡನೆಯವರು ಅಂಚಿನ ಕಡೆಗೆ, ಮೂರನೆಯವರು ಮತ್ತೆ ನಡುಗೆರೆಯ ಕಡೆಗೆ. ಓರೆಯಲ್ಲಿರುವವರಿಂದ ಒಂದು ಸೆಕೆಂಡ್, ನಿಮ್ಮ ನೇರಕ್ಕೆ ಮುಂದೆ ಇರುವವರಿಂದ ಎರಡು ಸೆಕೆಂಡ್ ಅಂತರ, ಕಡಿಮೆ ಅಂದರೂ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಅಂದರೆ ಸುಮಾರು 33 ಮೀಟರ್. ಮುಂದಿನ ಬೈಕು ಒಂದು ಕಂಬ ದಾಟಿದಾಗ ಶುರು ಮಾಡಿ, ನೀವು ಅದೇ ಕಂಬ ಮುಟ್ಟುವ ತನಕ ಸೆಕೆಂಡ್ ಎಣಿಸಿದರೆ ಗೊತ್ತಾಗುತ್ತದೆ. ತಿರುವು, ಮಳೆ, ಕತ್ತಲು, ಹಾಳಾದ ಅಥವಾ ಕಿರಿದಾದ ರಸ್ತೆ ಬಂತೋ, ಒಬ್ಬರ ಹಿಂದೆ ಒಬ್ಬರು, ಅಂತರವೂ ಜಾಸ್ತಿ. ಅಕ್ಕಪಕ್ಕ ಜೋಡಿಯಾಗಿ ಮಾತಾಡಿಕೊಂಡು ಹೋಗುವುದು ಯಾವತ್ತೂ ಬೇಡ. ಗುಂಡಿ ಬಂದರೆ ಪಕ್ಕಕ್ಕೆ ಸರಿಯೋಕೆ ಜಾಗವೇ ಇರಲ್ಲ.

ಓವರ್‌ಟೇಕ್ ಒಬ್ಬೊಬ್ಬರಾಗಿ. ಮುಂದಿನವರು ಬಾ ಬಾ ಅಂತ ಕೈ ಬೀಸಿದರೂ ನಂಬಬೇಡಿ. ಅವರು ನೋಡಿದ್ದು ಅವರ ಬೈಕಿಗೆ ಸಾಲುವಷ್ಟು ರಸ್ತೆ, ನಿಮ್ಮದಕ್ಕಲ್ಲ. ನೀವು ದಾಟಿದ ಮೇಲೆ ತಕ್ಷಣ ನಿಧಾನ ಮಾಡಬೇಡಿ, ಹಿಂದೆ ಬರುವವರಿಗೆ ಒಳಗೆ ಸೇರಲು ಜಾಗ ಬೇಕು. ಇದನ್ನು ತುಂಬಾ ಜನ ಮರೆಯುತ್ತಾರೆ.

ಕೈಸನ್ನೆಗಳನ್ನು ಹೊರಡುವ ಮುಂಚೆ ಒಟ್ಟಿಗೆ ನಿಂತು ಒಮ್ಮೆ ಮಾಡಿ ನೋಡಿ. ಸಾಮಾನ್ಯವಾಗಿ ಎಡಗೈಯ ಒಂದು ಬೆರಳು ಎತ್ತಿದರೆ ಒಂದೇ ಸಾಲು, ಎರಡು ಬೆರಳು ಎತ್ತಿದರೆ ಓರೆಸಾಲು, ಟ್ಯಾಂಕ್ ತೋರಿಸಿದರೆ ಪೆಟ್ರೋಲ್. ಪೆಟ್ರೋಲಿಗೆ ನಿಲ್ಲುವ ಲೆಕ್ಕ ಎಲ್ಲರಿಗಿಂತ ಬೇಗ ಖಾಲಿಯಾಗುವ ಬೈಕಿನದು, ಅದು ನಿಮ್ಮದಾಗಿರಲೂಬಹುದು.

ಇವತ್ತೇ ಮುಂದಾಳಿಗೆ ಫೋನ್ ಮಾಡಿ. "ಗುಂಪಿನಲ್ಲಿ ನನಗಿದು ಮೊದಲ ಸಲ, ನಿಮ್ಮ ಹಿಂದೆಯೇ ಬರುತ್ತೇನೆ, ನನ್ನ ಬೈಕಿನ ವೇಗ ಇಷ್ಟು" ಅಂತ ಸಂಕೋಚವಿಲ್ಲದೆ ಹೇಳಿ. ಒಳ್ಳೆಯ ಮುಂದಾಳಿಗೆ ಇದನ್ನು ಕೇಳಿ ಖುಷಿಯೇ ಆಗುತ್ತದೆ. ನಕ್ಕು ತಳ್ಳಿಹಾಕಿದರೆ ಆ ಗುಂಪಿನ ಜೊತೆ ಹೋಗಬೇಡಿ, ಇನ್ನೊಂದು ಸಿಗುತ್ತದೆ.