ಈಜುರೆಕ್ಕೆಯೊಳಗಿನ ಮೂಳೆ ಎಣಿಸಿ: ಮೀನಿನ ಪಳೆಯುಳಿಕೆಗಳ ಬಗ್ಗೆ ಗಡಿನಾಡಿನ ಪ್ರಶ್ನೆಗಳು

ಪ್ರಶ್ನೆ: ನೀರು ಇಳಿದಾಗ ನಮ್ಮೂರ ಅಳಿವೆಯ ಕೆಸರಿನಲ್ಲಿ ಸಣ್ಣ ಮೀನುಗಳು ಈಜುರೆಕ್ಕೆ ಊರಿಕೊಂಡು ತೆವಳುತ್ತವೆ, ಜಿಗಿಯುತ್ತವೆ. ಇಂಗ್ಲಿಷಿನಲ್ಲಿ ಮಡ್‌ಸ್ಕಿಪ್ಪರ್ ಅಂತೆ. ನೀರಿನಿಂದ ನೆಲಕ್ಕೆ ಬಂದ ನಮ್ಮ ಪೂರ್ವಜ ಇಂಥದ್ದೇ ಎಂದು ಮಕ್ಕಳಿಗೆ ಹೇಳಬಹುದೇ?
— ಹೈಸ್ಕೂಲ್ ಅಧ್ಯಾಪಕಿ, ಕುಂಬಳೆ

ಹೇಳಬೇಡಿ. ತೋರಿಸಲು ಮಾತ್ರ ಧಾರಾಳವಾಗಿ ತೋರಿಸಿ. ಮೀನೊಂದು ನೀರಿನಾಚೆ ಹೇಗೆ ಬದುಕಬಹುದು ಎಂಬುದಕ್ಕೆ ಅಷ್ಟು ಒಳ್ಳೆಯ ಉದಾಹರಣೆ ಬೇರೆ ಸಿಗದು. ಆದರೆ ನಮಗೂ ಅದಕ್ಕೂ ಇರುವ ನಂಟು ನಮಗೂ ಬಂಗುಡೆಗೂ ಇರುವಷ್ಟೇ. ಬಂಗುಡೆ, ಬೂತಾಯಿ, ಅಂಜಲ್, ಮಡ್‌ಸ್ಕಿಪ್ಪರ್ ಎಲ್ಲ ಕಡ್ಡಿರೆಕ್ಕೆಯ ಮೀನುಗಳ ದೊಡ್ಡ ಬಳಗದವು. ನಾವು, ಕಪ್ಪೆ, ಹಲ್ಲಿ, ಕೋಳಿ ಎಲ್ಲ ಇನ್ನೊಂದು ಕವಲಿನವರು: ತಿರುಳುರೆಕ್ಕೆಯ, ಅಂದರೆ ರೆಕ್ಕೆಯ ಬುಡದಲ್ಲಿ ಮಾಂಸ ತುಂಬಿದ ಮೀನುಗಳ ವಂಶ. ಈ ಎರಡು ಕವಲು ಬೇರೆಯಾಗಿ 40 ಕೋಟಿ ವರ್ಷಕ್ಕೂ ಹೆಚ್ಚಾಗಿದೆ. ಮಡ್‌ಸ್ಕಿಪ್ಪರ್ ನೆಲಕ್ಕೆ ಬಂದದ್ದು ತೀರಾ ಇತ್ತೀಚೆಗೆ, ತನ್ನದೇ ದಾರಿಯಲ್ಲಿ.

ಹೊರಗಿನ ನಡಿಗೆ ನೋಡಿದರೆ ಇದು ಗೊತ್ತಾಗುವುದಿಲ್ಲ, ರೆಕ್ಕೆಯೊಳಗಿನ ಮೂಳೆ ನೋಡಬೇಕು. ತರಗತಿಯಲ್ಲೇ ಮಾಡಬಹುದು. ಮೀನಿನಂಗಡಿಯಲ್ಲಿ ಅಂಜಲ್‌ನ ತಲೆ ಕೇಳಿ. ಕಿವಿರಿನ ಹಿಂದಿರುವ ಎದೆಯ ಈಜುರೆಕ್ಕೆಯೂ ತಲೆಯ ಜತೆಗೇ ಬರುವಂತೆ ಕತ್ತರಿಸಿ ಕೊಡಲು ಹೇಳಿ. ಬಂಗುಡೆಯಲ್ಲೂ ಅದೇ ಮೂಳೆಗಳಿವೆ, ಆದರೆ ಅಕ್ಕಿಕಾಳಿಗಿಂತ ಸಣ್ಣವು, ಲೆನ್ಸ್ ಇಲ್ಲದೆ ಕಾಣವು. ತಲೆಯನ್ನು ಕುದಿ ಬರುವ ಮುಂಚಿನ ಬಿಸಿನೀರಿನಲ್ಲಿ ಸುಮಾರು 10 ನಿಮಿಷ ಇಡಿ, ಆರಲಿ, ಮಾಂಸವನ್ನು ಬೆರಳಿನಿಂದಲೇ ಬಿಡಿಸಿ. ಚಾಕು ಹಾಕಿದರೆ ಸಣ್ಣ ಮೂಳೆ ತುಂಡಾಗುತ್ತದೆ. ಕುಕ್ಕರಿನಲ್ಲಿ ಕೂಗಿಸಿದಿರೋ, ಕೀಲುಗಳೆಲ್ಲ ಕಳಚಿ ಯಾವ ಮೂಳೆ ಎಲ್ಲಿತ್ತೆಂದು ತಿಳಿಯದೆ ಹೋಗುತ್ತದೆ. ಹೆಚ್ಚಿನ ಶಾಲೆಗಳಲ್ಲಿ ಈ ಪ್ರಯೋಗ ಕೆಡುವುದು ಇಲ್ಲೇ. ಬಿಳುಪಿಗೆಂದು ಬ್ಲೀಚಿಂಗ್ ಪೌಡರ್ ಹಾಕಬೇಡಿ, ಮೂಳೆ ಸುಣ್ಣದಂತೆ ಉದುರುತ್ತದೆ. ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ.

ಕಿವಿರಿನ ಹಿಂದೆ ಬಾಗಿದ ಕತ್ತಿಯಂಥ ಉದ್ದ ಮೂಳೆ ಕಾಣುತ್ತದೆ, ಅದು ಕ್ಲೈತ್ರಮ್. ಅದಕ್ಕೆ ಅಂಟಿಕೊಂಡು ಎರಡು ಚಪ್ಪಟೆ ಮೂಳೆ. ಅವುಗಳ ಅಂಚಿನಲ್ಲಿ ಸಾಲಾಗಿ ನಾಲ್ಕು ಗಿಡ್ಡ ಮೂಳೆ. ಅಲ್ಲಿಂದಾಚೆ ಬರೀ ಕಡ್ಡಿಗಳು. ಮಡ್‌ಸ್ಕಿಪ್ಪರ್‌ನಲ್ಲಿ ಆ ಗಿಡ್ಡ ಮೂಳೆಗಳೇ ಉದ್ದವಾಗಿ ಮೊಣಕೈಯಂತೆ ತೋರುತ್ತವೆ. ಈಗ ಪಕ್ಕದಲ್ಲಿ ಬೇಯಿಸಿದ ಕೋಳಿ ರೆಕ್ಕೆ ಇಟ್ಟು ನೋಡಿ: ಭುಜದ ಕಡೆ ಒಂದು ಮೂಳೆ, ಆಮೇಲೆ ಎರಡು, ಆಮೇಲೆ ಮಣಿಕಟ್ಟಿನ ಸಣ್ಣವು. ನಿಮ್ಮ ಕೈಯಲ್ಲೂ ಅದೇ ಲೆಕ್ಕ.

ಈ ‘ಒಂದು, ಎರಡು, ಹಲವು’ ಲೆಕ್ಕ ಪಳೆಯುಳಿಕೆಗಳಲ್ಲಿ ಮೊದಲು ಸ್ಪಷ್ಟವಾಗಿ ಕಾಣುವುದು ನೆಲದ ಪ್ರಾಣಿಯಲ್ಲಲ್ಲ, ಪಕ್ಕಾ ಮೀನಿನಲ್ಲಿ. ಕೆನಡಾದ ಮಿಗ್ವಾಶಾದಲ್ಲಿ ಸಿಗುವ, ಸುಮಾರು 38 ಕೋಟಿ ವರ್ಷ ಹಳೆಯ ಯೂಸ್ತೆನಾಪ್ಟೆರಾನ್‌ನ ಈಜುರೆಕ್ಕೆಯೊಳಗೆ ತೋಳಿನ ಹ್ಯೂಮರಸ್, ಮುಂಗೈಯ ರೇಡಿಯಸ್, ಅಲ್ನಾ ಮೂರೂ ಇವೆ. ಅದು ನೀರು ಬಿಟ್ಟು ಬಂದದ್ದೇ ಇಲ್ಲ. ಅಂದರೆ ಕೈಯ ಮೂಳೆಗಳು ನಡೆಯುವುದಕ್ಕೆಂದು ಹುಟ್ಟಿದವಲ್ಲ. ನೀರಿನಲ್ಲಿದ್ದಾಗಲೇ ಇದ್ದವು, ನಡಿಗೆ ಆಮೇಲೆ ಬಂತು. ಮಕ್ಕಳಿಗೆ ಹೇಳಲೇಬೇಕಾದ ಮಾತು ಇದು.

ಆ ಅಂಜಲ್ ತಲೆಯನ್ನು ಎಸೆಯುವ ಮುನ್ನ ಇನ್ನೊಂದನ್ನೂ ನೋಡಿ. ಭುಜದ ಮೂಳೆಗಳು ಮೇಲ್ಗಡೆ ತಲೆಬುರುಡೆಯ ಹಿಂಭಾಗಕ್ಕೇ ಕಟ್ಟಿಕೊಂಡಿವೆ. ಆದ್ದರಿಂದಲೇ ಮೀನಿಗೆ ಕತ್ತಿಲ್ಲ. ಮುಂದಿನ ಉತ್ತರಕ್ಕೆ ಇದು ಬೇಕಾಗುತ್ತದೆ.

ಪ್ರಶ್ನೆ: ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಕೊಂಡಿ ಟಿಕ್ಟಾಲಿಕ್ ಎಂದು ಓದಿದ್ದೇನೆ. ಅದಕ್ಕಿಂತ ಹಳೆಯ ನಾಲ್ಕು ಕಾಲಿನ ಹೆಜ್ಜೆಗುರುತು ಪೋಲೆಂಡಿನಲ್ಲಿ ಸಿಕ್ಕಿದೆಯಂತೆ. ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟಿದ ಹಾಗಾಯಿತಲ್ಲ?
— ಬಿ.ಎಸ್ಸಿ. ವಿದ್ಯಾರ್ಥಿ, ಆದೋನಿ

ಟಿಕ್ಟಾಲಿಕ್ ಅಜ್ಜ ಎಂದುಕೊಂಡದ್ದರಿಂದ ಬಂದ ತೊಡಕು ಇದು. ಅದು ಅಜ್ಜಿಯ ತಂಗಿಯ ಹಾಗೆ. ಮನೆಯ ಹುಡುಗಿಯರೆಲ್ಲ ಚೂಡಿದಾರಕ್ಕೆ ಬಂದ ಮೇಲೂ ಆ ಚಿಕ್ಕಜ್ಜಿ ಇಳಕಲ್ ಸೀರೆ, ಹಳೇ ಮೂಗುಬಟ್ಟಿನಲ್ಲೇ ಇರುತ್ತಾರೆ. ನೀವು ಅವರ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಆದರೂ ನಿಮ್ಮ ಮುತ್ತಜ್ಜಿ ಹೇಗೆ ಉಡುತ್ತಿದ್ದರು ಎಂದು ತಿಳಿಯಲು ಅವರನ್ನು ನೋಡಿದರೆ ಸಾಕು.

ಪೋಲೆಂಡಿನ ಜಾಖೆಲ್ಮಿಯೆ ಕಲ್ಲುಕ್ವಾರಿಯ ಗುರುತುಗಳ ವರದಿ ಬಂದದ್ದು 2010ರಲ್ಲಿ. ವಯಸ್ಸು ಸುಮಾರು 39 ಕೋಟಿ ವರ್ಷ. ಟಿಕ್ಟಾಲಿಕ್‌ನದು 37.5 ಕೋಟಿ. ಆ ಗುರುತುಗಳು ಹೆಜ್ಜೆಗಳಲ್ಲ, ಮೀನುಗಳು ಕೆಸರು ಕೆದಕಿದ ಗುಳಿಗಳು ಎನ್ನುವ ತಜ್ಞರೂ ಇದ್ದಾರೆ. ಹೆಜ್ಜೆಗಳೇ ಎಂದಿಟ್ಟುಕೊಂಡರೂ ಆಗುವುದಿಷ್ಟು: ಕಾಲಿನ ಪ್ರಾಣಿಗಳ ಕವಲು ಇನ್ನೂ ಮೊದಲೇ ಒಡೆದಿತ್ತು, ಟಿಕ್ಟಾಲಿಕ್ ಹಳೆಯ ರೂಪವನ್ನು ಉಳಿಸಿಕೊಂಡು ತಡವಾಗಿ ಬದುಕಿದ ಬಂಧು. ಕಾಲದ ಲೆಕ್ಕ ಹಿಂದಕ್ಕೆ ಸರಿಯುತ್ತದೆ, ಮೂಳೆಗಳ ಸಾಕ್ಷ್ಯ ಹಾಗೇ ಉಳಿಯುತ್ತದೆ. ನನ್ನನ್ನು ಕೇಳಿದರೆ, ಗುಳಿಯೊಂದನ್ನು ನಂಬಿ ಪಠ್ಯಪುಸ್ತಕ ತಿದ್ದುವ ಮೊದಲು ಅದೇ ವಯಸ್ಸಿನ ಒಂದು ಮೂಳೆಯಾದರೂ ಸಿಗಲಿ.

ಆ ಸಾಕ್ಷ್ಯ ಏನು? ಟಿಕ್ಟಾಲಿಕ್‌ಗೆ ಹುರುಪೆ ಇದೆ, ಈಜುರೆಕ್ಕೆಯ ತುದಿಯಲ್ಲಿ ಕಡ್ಡಿಗಳೂ ಇವೆ, ಇಷ್ಟು ಮೀನು. ಆದರೆ ರೆಕ್ಕೆಯೊಳಗೆ ಒಂದು, ಎರಡು, ಆಮೇಲೆ ಮಣಿಕಟ್ಟಿನಂತೆ ಮಡಚುವ ಕೀಲು. ತಲೆ ಮೊಸಳೆಯಂತೆ ಚಪ್ಪಟೆ, ಕಣ್ಣು ನೆತ್ತಿಯ ಮೇಲೆ. ಕಿವಿರು ಮುಚ್ಚಳದ ಮೂಳೆಗಳು ಹೋಗಿವೆ, ಭುಜ ತಲೆಬುರುಡೆಯಿಂದ ಬಿಡಿಸಿಕೊಂಡಿದೆ. ಕತ್ತು ಬಂದಿದೆ. ಅಂಜಲ್ ತಲೆಯಲ್ಲಿ ನೋಡಿದ ಆ ಕಟ್ಟು ಇಲ್ಲಿ ಬಿಚ್ಚಿಕೊಂಡಿತು ಎನ್ನಿ.

ಅದು ಸಿಕ್ಕ ರೀತಿಯೂ ಮುಖ್ಯ. ಪಳೆಯುಳಿಕೆ ತಜ್ಞರಾದ ನೀಲ್ ಶೂಬಿನ್, ಟೆಡ್ ಡೇಶ್ಲರ್ ಮತ್ತು ಸಂಗಡಿಗರು ಹುಡುಕಿದ್ದು ಕಣ್ಣು ಮುಚ್ಚಿಕೊಂಡಲ್ಲ. ಯೂಸ್ತೆನಾಪ್ಟೆರಾನ್‌ಗಿಂತ ಈಚಿನ, ಕಾಲಿದ್ದ ಅಕಾಂತೊಸ್ಟೆಗಾಕ್ಕಿಂತ ಆಚಿನ ಕಾಲದ ಕಲ್ಲು ಬೇಕು. ಅದು ಹಳೆಯ ಹೊಳೆಯ ಮುಖಜ ಭೂಮಿಯಲ್ಲಿ ಕೂತ ಹೂಳಾಗಿರಬೇಕು. ಮೇಲೆ ಮಣ್ಣು ಗಿಡ ಮುಚ್ಚಿರಬಾರದು. ಮೂರೂ ಕೂಡಿಬಂದದ್ದು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ. ವರ್ಷದ ಕೆಲವೇ ವಾರ ಕೆಲಸ ಸಾಧ್ಯವಿರುವ ಆ ಚಳಿ ನಾಡಿಗೆ ಮತ್ತೆ ಮತ್ತೆ ಹೋಗಿ, 2004ರಲ್ಲಿ ಸಿಕ್ಕಿತು, 2006ರಲ್ಲಿ ಪ್ರಕಟವಾಯಿತು.

ಬೆರಳುಗಳ ಬಗ್ಗೆಯೂ ಒಂದು ಮಾತು. ಮಿಗ್ವಾಶಾದಲ್ಲೇ ಸಿಕ್ಕ ಎಲ್ಪಿಸ್ಟೊಸ್ಟೆಗೆ ಎಂಬ 1.57 ಮೀಟರ್ ಉದ್ದದ ಪೂರ್ತಿ ಮೀನನ್ನು ಸ್ಕ್ಯಾನ್ ಮಾಡಿ 2020ರಲ್ಲಿ ವಿವರಿಸಿದರು: ರೆಕ್ಕೆಯ ಕಡ್ಡಿಗಳ ಒಳಗೆ ಬೆರಳಿನಂಥ ಮೂಳೆಗಳ ಸಾಲು ಇತ್ತು. ಗ್ರೀನ್‌ಲ್ಯಾಂಡಿನ ಅಕಾಂತೊಸ್ಟೆಗಾಕ್ಕೆ ಕೈಗೆ ಎಂಟು ಬೆರಳು. ಐದು ಎಂಬುದು ಮೊದಲಿನಿಂದ ನಿಗದಿಯಾಗಿದ್ದ ಸಂಖ್ಯೆಯಲ್ಲ, ಆಮೇಲೆ ನಿಂತ ಲೆಕ್ಕ.

ಪ್ರಶ್ನೆ: ನಮ್ಮ ಗುಡ್ಡದಲ್ಲಿ ನೀರಿಗಾಗಿ ಸುರಂಗ ಕೊರೆಯುವಾಗ ಮೀನಿನ ಪಳೆಯುಳಿಕೆ ಸಿಗಬಹುದೇ?
— ಕೃಷಿಕರು, ಬಾಯಾರು

ಸಿಗದು. ನಿಮ್ಮ ಗುಡ್ಡದ ಕೆಂಪುಕಲ್ಲು ಎಂದರೆ ಇದ್ದಲ್ಲೇ ಕೊಳೆತ ಬಂಡೆ. ಸಾವಿರಾರು ಮಳೆಗಾಲಗಳ ಹುಳಿ ನೀರು ಇಳಿದು ಸುಣ್ಣ ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದಿವೆ. ಮೂಳೆಯ ಕ್ಯಾಲ್ಸಿಯಂ ಫಾಸ್ಫೇಟೂ ಅದರಲ್ಲಿ ನಿಲ್ಲುವುದಿಲ್ಲ. ನಿಮ್ಮ ಕಡೆ ಅಡಿಯಲ್ಲಿರುವುದೂ ಮೀನು ಹುಟ್ಟುವ ಮುಂಚಿನ ಕಗ್ಗಲ್ಲು. ಕೇರಳದೊಳಗೇ ನೋಡಬೇಕೆಂದರೆ ಕೊಲ್ಲಂ ಬಳಿಯ ಪಡಪ್ಪಕ್ಕರದ ಸುಣ್ಣಕಲ್ಲು ಇದೆ. ಅಲ್ಲಿ ಶಾರ್ಕ್ ಹಲ್ಲು, ಮೀನಿನ ಕಿವಿಗಲ್ಲು ಸಿಕ್ಕಿವೆ. ಕಿವಿಗಲ್ಲು ಎಂದರೆ ಕೊಡ್ಡಾಯಿಯ ತಲೆ ತಿನ್ನುವಾಗ ಹಲ್ಲಿಗೆ ತಗಲುವ ಆ ಬಿಳಿ ಕಲ್ಲೇ.

ಪ್ರಶ್ನೆ: ಹೊಸ ಮನೆಗೆ ಶಹಾಬಾದ್ ಕಲ್ಲು ಹಾಸಿದ್ದೇವೆ. ಎರಡು ಹಾಸಿನಲ್ಲಿ ಕಪ್ಪು ಗೆರೆಗಳು ಮೀನಿನ ಮುಳ್ಳಿನಂತೆ ಕವಲೊಡೆದಿವೆ. ಪಳೆಯುಳಿಕೆಯೇ? ಆನ್‌ಲೈನಿನಲ್ಲಿ ಕೊಂಡ ಮೀನುಕಲ್ಲು ಅಸಲಿಯೇ ಎಂದು ತಿಳಿಯುವುದು ಹೇಗೆ?
— ಗೃಹಿಣಿ, ಅಕ್ಕಲಕೋಟೆ

ಅಲ್ಲ. ಕಲ್ಲಿನ ಪದರುಗಳ ಸಂದಿಯಲ್ಲಿ ನೀರು ಹರಿದು ಬಿಟ್ಟುಹೋದ ಮ್ಯಾಂಗನೀಸ್ ಕರೆ ಅದು. ಬೆರಳಾಡಿಸಿ ನೋಡಿ, ಉಬ್ಬುತಗ್ಗು ಹತ್ತದು. ಕವಲುಗಳು ಯಾವುದೋ ಬಿರುಕಿನಿಂದ ಅಥವಾ ಅಂಚಿನಿಂದ ಹೊರಟು ಹರಡಿರುತ್ತವೆ, ಒಂದರ ಮೇಲೊಂದು ದಾಟುವುದಿಲ್ಲ. ನಿಜವಾದ ಮೀನಾದರೆ ಬೆನ್ನೆಲುಬಿನ ಮಣಿಗಳು ಒಂದೇ ಅಂತರದಲ್ಲಿ ಸಾಲಾಗಿ ಬರುತ್ತವೆ, ಮೇಲೂ ಕೆಳಗೂ ಮುಳ್ಳುಗಳು ಅದೇ ಲೆಕ್ಕದಲ್ಲಿ ಜೋಡಿಯಾಗುತ್ತವೆ, ತಲೆಗೂ ಬಾಲಕ್ಕೂ ವ್ಯತ್ಯಾಸ ಕಾಣುತ್ತದೆ. ಅದಕ್ಕೂ ಮಿಗಿಲಾಗಿ, ಶಹಾಬಾದ್ ಕಲ್ಲು, ಅಡುಗೆಕಟ್ಟೆಯ ಕಡಪ ಕಲ್ಲು ಎರಡೂ 54 ಕೋಟಿ ವರ್ಷಕ್ಕಿಂತ ಹಳೆಯವು. ತಿಳಿದಿರುವ ಅತಿ ಹಳೆಯ ಮೀನುಗಳು ಚೀನಾದ ಚೆಂಗ್‌ಜಿಯಾಂಗ್‌ನವು, ಸುಮಾರು 52 ಕೋಟಿ ವರ್ಷ. ಬೆರಳುದ್ದದ, ದವಡೆಯೇ ಇಲ್ಲದ ಜೀವಿಗಳು.

ನಿಮ್ಮ ಸೊಲ್ಲಾಪುರದ ಕಡೆಯ ಕರಿಕಲ್ಲು ಲಾವಾ, ಅದರಲ್ಲೂ ಮೀನಿಲ್ಲ. ಆದರೆ ಲಾವಾ ಹರಿವುಗಳ ನಡುವೆ ಮತ್ತು ಅಡಿಯಲ್ಲಿ ಅಂದಿನ ಕೆರೆಗಳ ಹೂಳು ತೆಳ್ಳಗೆ ಸಿಕ್ಕಿಬಿದ್ದಿದೆ. ಚಂದ್ರಪುರ ಜಿಲ್ಲೆಯ ಡೋಂಗರ್‌ಗಾಂವ್, ವಿಕಾರಾಬಾದ್ ಬಳಿಯ ನಸ್ಕಲ್ ಇಂಥ ಜಾಗಗಳು. ಅಲ್ಲಿ ಗಾರ್ ಮೀನಿನ ಹುರುಪೆ ಸಿಗುತ್ತವೆ: ಶಂಕರಪೋಳಿಯ ಆಕಾರದ, ಮೆರುಗಿನ ಸಣ್ಣ ಬಿಲ್ಲೆಗಳು. ಆ ಮೆರುಗು ನಮ್ಮ ಹಲ್ಲಿನ ಎನಾಮಲ್‌ನ ಬಂಧು. ಗಾರ್‌ಗಳು ಈಗ ಬದುಕಿರುವುದು ಉತ್ತರ ಅಮೆರಿಕ, ಮಧ್ಯ ಅಮೆರಿಕ ಮತ್ತು ಕ್ಯೂಬಾದಲ್ಲಿ ಮಾತ್ರ, ಸುಮಾರು 6.6 ಕೋಟಿ ವರ್ಷದ ಹಿಂದೆ ದಖನ್‌ನ ಕೆರೆಗಳಲ್ಲೂ ಇದ್ದವು.

ಆನ್‌ಲೈನಿನಲ್ಲಿ ಕೊಂಡ ಮೀನುಕಲ್ಲಿನ ಬಗ್ಗೆಯೂ ಕೇಳಿದ್ದೀರಿ. ಒಂದು ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿ ಒತ್ತಿ. ಹತ್ತಿಗೆ ಕಂದು ಬಣ್ಣ ಹತ್ತಿದರೆ ಗೆರೆಗೆ ಬಣ್ಣ ಬಳಿದಿದ್ದಾರೆ. ಲೆನ್ಸಿನಲ್ಲಿ ಗುಳ್ಳೆ ಕಂಡರೆ ಅದು ಅಚ್ಚು ಹಾಕಿದ ರೆಸಿನ್.

ಪ್ರಶ್ನೆ: ಮಕ್ಕಳನ್ನು ತಮಿಳುನಾಡಿನ ಅರಿಯಲೂರಿಗೆ ಕರೆದುಕೊಂಡು ಹೋಗುವ ಯೋಚನೆ ಇದೆ. ಅಲ್ಲಿ ಮೀನಿನ ಯಾವ ಪಳೆಯುಳಿಕೆ ನೋಡಬಹುದು? ಶಾಲೆಗೆ ತರಬಹುದೇ?
— ಶಿಕ್ಷಕರು, ತಾಳವಾಡಿ

ಮುಖ್ಯವಾಗಿ ಶಾರ್ಕ್ ಹಲ್ಲು. ಮೊದಲು ಅರಿಯಲೂರಿನ ಬಳಿಯ ವಾರಣವಾಸಿಯ ಸರ್ಕಾರಿ ಪಳೆಯುಳಿಕೆ ಸಂಗ್ರಹಾಲಯ ನೋಡಿ, ಆಮೇಲೆ ಕಾರೈನ ಬೋಳು ಮಣ್ಣಿನ ಕೊರಕಲುಗಳಿಗೆ ಹೋಗಿ. ಅಲ್ಲಿನ ಜೇಡಿ ಸುಮಾರು 10 ಕೋಟಿ ವರ್ಷ ಹಿಂದಿನ ಕಡಲ ತಳ. ತಾಟೆಯ, ಅಂದರೆ ಶಾರ್ಕ್‌ನ, ಎಲುಬು ಮೆದು, ಕೊಳೆತು ಹೋಗುತ್ತದೆ. ಹಲ್ಲು ಗಟ್ಟಿ, ಉಳಿಯುತ್ತದೆ. ಒಂದೇ ತಾಟೆ ಜೀವಮಾನದಲ್ಲಿ ಸಾವಿರಾರು ಹಲ್ಲು ಉದುರಿಸುವುದರಿಂದ 20 ಹಲ್ಲು ಸಿಕ್ಕಿತೆಂದು 20 ತಾಟೆ ಎಂದು ಮಕ್ಕಳು ಬರೆಯದಂತೆ ನೋಡಿಕೊಳ್ಳಿ.

ಅಲ್ಲಿನ ಟೈಕೋಡಸ್ ಎಂಬ ಹಳೆಗಾಲದ ಮೀನಿನ ಹಲ್ಲನ್ನು ಹುಡುಕಿ ನೋಡಿ. ಚೂಪಿಲ್ಲ, ಚಪ್ಪಟೆ, ಮೇಲೆ ಸಾಲುಸಾಲು ಏಣು, ಚಿಪ್ಪುಜೀವಿಗಳನ್ನು ಅರೆಯುವ ಒರಳು. ಸುಮಾರು ಎರಡು ಶತಮಾನ ಇದರ ಗುರುತು ಬಹುಪಾಲು ಹಲ್ಲುಗಳಿಂದಲೇ. ತೊರಕೆಯಂತೆ ತಳದಲ್ಲಿ ಮಲಗಿರುವ ಮೀನಿರಬೇಕು ಎಂದೂ ಊಹಿಸಿದ್ದರು. ಮೆಕ್ಸಿಕೋದ ವಯೆಸಿಯೊದಲ್ಲಿ ಪೂರ್ತಿ ಮೈಯಚ್ಚು ಸಿಕ್ಕಿ 2024ರಲ್ಲಿ ಪ್ರಕಟವಾದಾಗ ಕಂಡದ್ದು ವೇಗವಾಗಿ ಈಜುವ ನಿಜವಾದ ಶಾರ್ಕ್‌ನ ಮೈ. ಹಲ್ಲು ಹೇಳಿದ್ದು ಊಟವನ್ನು. ವಂಶವನ್ನು ಹೇಳಲು ಮೈ ಬೇಕಾಯಿತು.

ತರುವ ವಿಷಯ: ಅಗೆಯಬೇಡಿ. ಜಾಗದವರ ಮತ್ತು ಅಧಿಕಾರಿಗಳ ಒಪ್ಪಿಗೆ ಇಲ್ಲದೆ ಏನನ್ನೂ ಎತ್ತಬೇಡಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದರೆ ಸಾಕು. ಒಪ್ಪಿಗೆ ಇದ್ದರೆ ಕೊರಕಲಿನ ಬುಡದ ಸಡಿಲ ಜೇಡಿ ಒಂದು ಚೀಲ ತನ್ನಿ. ಅದನ್ನು ಹಸಿಯಾಗಿಯೇ ನೀರಿಗೆ ಹಾಕಿದರೆ ಮುದ್ದೆಯಾಗಿ ಕೂರುತ್ತದೆ, ಕರಗದು. ಮೊದಲು ಬಿಸಿಲಿನಲ್ಲಿ ಎರಡು ಮೂರು ದಿನ ಗರಿಗರಿ ಒಣಗಿಸಿ. ಒಣ ಹೆಂಟೆ ಬಕೆಟ್ ನೀರಿಗೆ ಬಿದ್ದೊಡನೆ ತಾನೇ ಒಡೆದು ಕೆಸರಾಗುತ್ತದೆ. ಮೇಲೆ 2 ಮಿ.ಮೀ., ಕೆಳಗೆ 0.5 ಮಿ.ಮೀ. ಕಣ್ಣಿನ ಜರಡಿ ಇಟ್ಟು, ಕೈಯಿಂದ ಉಜ್ಜದೆ, ನೀರು ಹೊಯ್ದು ತೊಳೆಯಿರಿ. ಉಜ್ಜಿದರೆ ಮೊದಲು ಮುರಿಯುವುದು ಹಲ್ಲಿನ ಬೇರು. ಉಳಿದ ಗಸಿಯನ್ನು ನೆರಳಿನಲ್ಲಿ ಒಣಗಿಸಿ, ಲೆನ್ಸ್ ಹಿಡಿದು, ಒದ್ದೆ ಕುಂಚದ ತುದಿಯಿಂದ ಹೆಕ್ಕಿ. ಕಂದು ಬಣ್ಣದ ಮೆರುಗಿನ ಚೂರು ಕಂಡರೆ ಹಲ್ಲು. ಪಾರದರ್ಶಕವಾಗಿ ಹೊಳೆದು ಉಗುರಿನಿಂದ ಗೀರಿದರೆ ಗೆರೆ ಬೀಳುವುದು ಜಿಪ್ಸಮ್, ಕಾರೈನಲ್ಲಿ ಅದೇ ಹೆಚ್ಚು. ವಿನೆಗರಿನಲ್ಲಿ ನೆನೆಸಬೇಡಿ, ಬೇರು ಪುಡಿಯಾಗುತ್ತದೆ. ಒಂದೊಂದು ಹಲ್ಲಿಗೂ ಒಂದೊಂದು ಪೊಟ್ಟಣ, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ದಿನ, ಜಾಗ, ಕೊರಕಲಿನ ಯಾವ ಪದರ. ಪೆನ್ನಿನ ಶಾಯಿ ತೇವಕ್ಕೆ ಅಳಿಸಿಹೋಗುತ್ತದೆ, ಚೀಟಿ ಕಳೆದ ಹಲ್ಲು ಬರೀ ಆಟಿಕೆ.