ಹ್ಯಾಮ್ ರೇಡಿಯೊಗೆ ಇನ್ನೊಂದು ಓಪನ್ ಸೋರ್ಸ್ ಡಿಜಿಟಲ್ ವಾಯ್ಸ್ ಮೋಡ್ ಬೇಕಾ?

ಹ್ಯಾಮ್ ರೇಡಿಯೊದಲ್ಲಿ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ನಡೆಸುವ ರೇಡಿಯೊದಲ್ಲಿ, ಮಾತನ್ನು ಡಿಜಿಟಲ್ ಆಗಿ ಕಳಿಸುವ ಮೋಡ್‌ಗಳು (ವಿಧಾನಗಳು) ಆಗಲೇ ಹಲವಿವೆ. ಡಿ-ಸ್ಟಾರ್ ಇದೆ, ಡಿಎಂಆರ್ ಇದೆ, ಸಿಸ್ಟಮ್ ಫ್ಯೂಷನ್ ಇದೆ. ಇಷ್ಟೆಲ್ಲ ಇರುವಾಗ ಓಪನ್ ಸೋರ್ಸ್ ಅಂತ ಇನ್ನೊಂದು ಮೋಡ್ ಯಾಕೆ, ಇರುವ ಜನವನ್ನೂ ಹಂಚಿಹಾಕುವುದಕ್ಕಾ ಅಂತ ಕೇಳಿದ್ದೀರಿ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಈ ಪ್ರಶ್ನೆ ಬರುವುದು ಸಹಜ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಓಪನ್ ಮೋಡ್ ಬೇಕೇ ಬೇಕು. ಆದರೆ ಅದು ಎಂ17 ಅನ್ನುವ ಹೆಸರಿನಲ್ಲಿ ಈಗಾಗಲೇ ಹುಟ್ಟಿದೆ. ಅದಕ್ಕೆ ಕೈಜೋಡಿಸುವವರು ಸಾಲದು.

ಒಂದು ವಿಷಯ ಬಿಡಿಸಿ ಹೇಳಬೇಕು, ಚರ್ಚೆಗಳಲ್ಲಿ ಇದು ಯಾವಾಗಲೂ ಕಲಸಿಹೋಗುತ್ತದೆ. ಡಿ-ಸ್ಟಾರ್, ಡಿಎಂಆರ್ ಪೂರ್ತಿ ಮುಚ್ಚಿಟ್ಟ ವ್ಯವಸ್ಥೆಗಳಲ್ಲ. ಡಿ-ಸ್ಟಾರ್ ವಿವರವನ್ನು ಜಪಾನಿನ ಹ್ಯಾಮ್ ಸಂಘ ಜೆಎಆರ್‌ಎಲ್ ಪ್ರಕಟಿಸಿದೆ. ಡಿಎಂಆರ್ ಯುರೋಪಿನ ಇಟಿಎಸ್‌ಐ ಸಂಸ್ಥೆಯ ಸ್ಟ್ಯಾಂಡರ್ಡ್, ಯಾರು ಬೇಕಾದರೂ ಡೌನ್‌ಲೋಡ್ ಮಾಡಿ ಓದಬಹುದು. ಬಿಟ್‌ಗಳು ಗಾಳಿಯಲ್ಲಿ ಹೇಗೆ ಹೋಗುತ್ತವೆ ಅನ್ನುವುದರಲ್ಲಿ ಗುಟ್ಟೇನಿಲ್ಲ. ಗುಟ್ಟಿರುವುದು ವೋಕೋಡರ್‌ನಲ್ಲಿ. ನಿಮ್ಮ ಮಾತನ್ನು ಸೆಕೆಂಡಿಗೆ ಎರಡು ಮೂರು ಸಾವಿರ ಬಿಟ್‌ಗೆ ಹಿಂಡಿ, ಆ ಕಡೆ ಮತ್ತೆ ಮಾತಾಗಿಸುವ ಭಾಗ ಅದು. ಈ ಮೂರು ಮೋಡ್‌ಗಳೂ ಬಳಸುವುದು ಎಎಂಬಿಇ ಕುಟುಂಬದ ವೋಕೋಡರ್. ಅದು ಡಿವಿಎಸ್‌ಐ ಅನ್ನುವ ಅಮೆರಿಕದ ಕಂಪನಿಯದು. ಬೇಕಾದವರು ಅವರ ಚಿಪ್ ಕೊಳ್ಳಬೇಕು, ಇಲ್ಲವೇ ಲೈಸೆನ್ಸ್ ಪಡೆಯಬೇಕು.

ಇದರ ಬಿಸಿ ಎಲ್ಲಿ ತಟ್ಟುತ್ತದೆ ನೋಡಿ. ಡಿ-ಸ್ಟಾರ್‌ನಲ್ಲಿರುವುದು ಹಳೆಯ ಎಎಂಬಿಇ, ಡಿಎಂಆರ್‌ನಲ್ಲಿರುವುದು ಎಎಂಬಿಇ ಪ್ಲಸ್ 2. ಒಂದರ ಭಾಷೆ ಇನ್ನೊಂದಕ್ಕೆ ಗೊತ್ತಿಲ್ಲ. ಡಿ-ಸ್ಟಾರ್‌ನಲ್ಲಿ ಮಾತಾಡಿದ್ದು ಡಿಎಂಆರ್‌ನವರಿಗೆ ಕೇಳಬೇಕಾದರೆ ಮಧ್ಯದಲ್ಲಿ ಯಾರಾದರೂ ಅದನ್ನು ಬಿಚ್ಚಿ ಮತ್ತೆ ಹಿಂಡಬೇಕು. ಹಾಗಾಗಿ ಎರಡನ್ನೂ ಜೋಡಿಸುವ ಸರ್ವರ್ ನಡೆಸುವವರು ಎಎಂಬಿಇ ಚಿಪ್ ಇರುವ ಯುಎಸ್‌ಬಿ ಡಾಂಗಲ್ ಚುಚ್ಚಿಟ್ಟುಕೊಂಡಿರುತ್ತಾರೆ. ಉಳಿದ ಇಡೀ ಸರ್ವರ್ ಉಚಿತ ಸಾಫ್ಟ್‌ವೇರ್, ಮಾತು ತಿರುಗಿಸುವ ಜಾಗದಲ್ಲಿ ಮಾತ್ರ ಒಳಗೇನಿದೆ ಅಂತ ಯಾರೂ ನೋಡಲಾಗದ ಒಂದು ತುಂಡು. ನನಗೆ ಇದು ತುಂಬಾ ಬೇಸರ ತರಿಸುವ ಸಂಗತಿ. ಅಂತರರಾಷ್ಟ್ರೀಯ ರೇಡಿಯೊ ನಿಯಮಗಳು ಹವ್ಯಾಸಿ ಸೇವೆಯ ಉದ್ದೇಶ ಅಂತ ಹೇಳುವುದೇ ಸ್ವಂತ ಕಲಿಕೆ, ಪರಸ್ಪರ ಸಂಪರ್ಕ, ತಾಂತ್ರಿಕ ಶೋಧನೆ ಅಂತ. ಕಲಿಯುವುದಕ್ಕೆ ಅಂತ ಸಿಕ್ಕ ತರಂಗಾಂತರದಲ್ಲಿ ಕಲಿಯಲಾಗದ ಪೆಟ್ಟಿಗೆ ಇಟ್ಟುಕೊಂಡರೆ ಹೇಗೆ?

ಇಲ್ಲೇ ಇನ್ನೊಂದು ಮಾತು. ಎಎಂಬಿಇ ಬಳಸುವುದು ಗುಪ್ತ ಸಂಕೇತ ಬಳಸಿದ ಹಾಗೆ, ಆದ್ದರಿಂದ ಅದೇ ನಿಯಮಬಾಹಿರ ಅಂತ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ನಿಯಮ ತಡೆಯುವುದು ಅರ್ಥವನ್ನು ಮರೆಮಾಡುವ ಉದ್ದೇಶದಿಂದ ಮಾಡಿದ ಕೋಡಿಂಗನ್ನು. ಚಿಪ್ ಅಂಗಡಿಯಲ್ಲಿ ಸಿಗುತ್ತದೆ, ರೇಡಿಯೊ ಕೊಂಡರೆ ಯಾರಿಗೆ ಬೇಕಾದರೂ ಕೇಳುತ್ತದೆ. ಓಪನ್ ಮೋಡ್ ಪರವಾಗಿ ಮಾತಾಡುವುದಕ್ಕೆ ಇಂಥ ಎಳೆದು ತಂದ ವಾದ ಬೇಕಾಗಿಲ್ಲ.

ಈಗ ಇರುವುದೇನು ಅಂತ ನೋಡೋಣ. 2010ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ಡೇವಿಡ್ ರೋ ಕೋಡೆಕ್ 2 ಅನ್ನುವ ವೋಕೋಡರ್ ಬರೆದರು. ಪೂರ್ತಿ ಓಪನ್, ಸೆಕೆಂಡಿಗೆ 3200 ಬಿಟ್‌ನಿಂದ ಹಿಡಿದು ಸಾವಿರಕ್ಕಿಂತ ಕೆಳಗಿನವರೆಗೂ ಇಳಿಯುತ್ತದೆ. ಅದರ ಮೇಲೆ 2019ರಲ್ಲಿ ಪೋಲೆಂಡಿನ ವೊಯ್ಚೆಖ್ ಕಾಚ್ಮಾರ್ಸ್ಕಿ ಶುರು ಮಾಡಿದ ಮೋಡ್ ಎಂ17. ವಿಎಚ್‌ಎಫ್, ಯುಎಚ್‌ಎಫ್ ಅನ್ನುವ ಮೇಲಿನ ತರಂಗಾಂತರಗಳಿಗೆ ಹೇಳಿ ಮಾಡಿಸಿದ್ದು. ದೂರದವರ ಜೊತೆ ಮಾತಾಡಲು ಬಳಸುವ ಕೆಳಗಿನ ತರಂಗಾಂತರಗಳಲ್ಲಿ, ಅಂದರೆ ಎಚ್‌ಎಫ್‌ನಲ್ಲಿ, ಅದೇ ಕೋಡೆಕ್ 2ರಿಂದ ಫ್ರೀಡಿವಿ ಅನ್ನುವ ಮೋಡ್ ಬಂತು.

ಎಂ17ನ ಒಂದು ಫ್ರೇಮ್ (ಒಟ್ಟಿಗೆ ಹೋಗುವ ಬಿಟ್‌ಗಳ ಕಂತೆ) ಬಿಚ್ಚಿ ತೋರಿಸುತ್ತೇನೆ, ಯಾಕೆಂದರೆ ಬಿಚ್ಚಲು ಆಗುತ್ತದೆ ಅನ್ನುವುದೇ ಇಲ್ಲಿನ ವಿಷಯ. ಒಂದು ಫ್ರೇಮ್ 40 ಮಿಲಿಸೆಕೆಂಡ್, 384 ಬಿಟ್. ಮೊದಲ 16 ಬಿಟ್ 'ಇಲ್ಲಿಂದ ಶುರು' ಅನ್ನುವ ಗುರುತು. ನಂತರದ 96 ಬಿಟ್‌ನಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರಿಗೆ ಅನ್ನುವ ಮಾಹಿತಿಯ ಆರನೇ ಒಂದು ಪಾಲು. ಉಳಿದ 272ರಲ್ಲಿ ಮಾತು, ತಪ್ಪು ತಿದ್ದುವ ಬಿಟ್‌ಗಳ ಸಮೇತ. ಆರು ಫ್ರೇಮ್ ಸೇರಿದರೆ ಮಾಹಿತಿ ಪೂರ್ತಿ. ಅಂದರೆ ನೀವು ಯಾರದೋ ಮಾತಿನ ಮಧ್ಯದಲ್ಲಿ ಚಾನೆಲ್‌ಗೆ ಬಂದರೂ, ಸಿಗ್ನಲ್ ಚೆನ್ನಾಗಿದ್ದರೆ ಸುಮಾರು ಕಾಲು ಸೆಕೆಂಡಿನಲ್ಲಿ ಅವರ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ತೆರೆಯ ಮೇಲೆ ಬರುತ್ತದೆ. ಒಂಬತ್ತು ಅಕ್ಷರದವರೆಗಿನ ಕಾಲ್‌ಸೈನನ್ನು 48 ಬಿಟ್‌ನಲ್ಲಿ ಹಾಗೇ ಕೂರಿಸಿದ್ದಾರೆ. ಡಿಎಂಆರ್‌ನಲ್ಲಿ ಹೋಗುವುದು 24 ಬಿಟ್‌ನ ಒಂದು ನಂಬರ್. ಅದು ವ್ಯಾಪಾರಿ ರೇಡಿಯೊಗಳಿಗಾಗಿ ಮಾಡಿದ ವ್ಯವಸ್ಥೆ, ಅಲ್ಲಿ ಕಾಲ್‌ಸೈನ್‌ಗೆ ಜಾಗವೇ ಇರಲಿಲ್ಲ. ಹಾಗಾಗಿ ಹ್ಯಾಮ್‌ಗಳು ಮೊದಲು ನಂಬರ್ ಪಡೆದು, ಆಮೇಲೆ ನಂಬರಿಗೆ ಹೆಸರು ಹೊಂದಿಸುವ ದೊಡ್ಡ ಪಟ್ಟಿಯನ್ನು ರೇಡಿಯೊಗೆ ತುಂಬುತ್ತಾರೆ. ಹ್ಯಾಮ್‌ಗಳೇ ಕೂತು ಮೋಡ್ ಮಾಡಿದರೆ ಏನು ಬದಲಾಗುತ್ತದೆ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ, ಅಲ್ವಾ? ಮೇಲಿನದೆಲ್ಲ ನಾನು ಸ್ಪೆಸಿಫಿಕೇಶನ್ ಪಕ್ಕದಲ್ಲಿ ಇಟ್ಟುಕೊಂಡು, ಎಸ್‌ಡಿಆರ್‌ನಲ್ಲಿ (ಸಾಫ್ಟ್‌ವೇರ್‌ನಿಂದ ಕೆಲಸ ಮಾಡುವ ರೇಡಿಯೊ) ಹಿಡಿದ ಬಿಟ್‌ಗಳನ್ನು ಒಂದೊಂದಾಗಿ ಹೊಂದಿಸಿ ಕಲಿತದ್ದು. ಮೊದಲ ಸಲ ಆ 48 ಬಿಟ್‌ನಿಂದ ಸ್ನೇಹಿತರ ಕಾಲ್‌ಸೈನ್ ಹೊರಬಂದಾಗ ಆದ ಖುಷಿ ಇನ್ನೂ ನೆನಪಿದೆ.

ಜನ ಹಂಚಿಹೋಗುತ್ತಾರೆ ಅನ್ನುವ ನಿಮ್ಮ ಆತಂಕ ಸುಳ್ಳಲ್ಲ. ಒಂದು ರಿಪೀಟರ್‌ನಲ್ಲಿ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಕೇಂದ್ರ) ಹತ್ತು ಜನ ಇದ್ದು, ಇಬ್ಬರು ಬೇರೆ ಮೋಡ್‌ಗೆ ಹೋದರೆ ಎಂಟು ಜನ ಉಳಿಯುತ್ತಾರೆ, ಅಷ್ಟೆ. ಆದರೆ ಎಂಎಂಡಿವಿಎಂ ಅನ್ನುವ ಓಪನ್ ಸಾಫ್ಟ್‌ವೇರ್ ಬಂದ ಮೇಲೆ ಪೆಟ್ಟು ಕಮ್ಮಿಯಾಗಿದೆ. ಅದು ಓಡುವ ಅಂಗೈಯಗಲದ ಹಾಟ್‌ಸ್ಪಾಟ್ (ರೇಡಿಯೊವನ್ನು ಇಂಟರ್ನೆಟ್‌ಗೆ ಜೋಡಿಸುವ ಪೆಟ್ಟಿಗೆ) ಕೂಡ ಡಿ-ಸ್ಟಾರ್, ಡಿಎಂಆರ್, ಫ್ಯೂಷನ್, ಎಂ17 ಎಲ್ಲಕ್ಕೂ ಸರದಿಯಲ್ಲಿ ಕಿವಿಗೊಡುತ್ತದೆ.

ಹಾಗಾದರೆ ಹೊಸ ಮೋಡ್ ಬೇಡವೇ ಬೇಡವಾ? ಇರುವುದರಿಂದ ಆಗದ ಕೆಲಸ ಮಾಡುವುದಾದರೆ ಖಂಡಿತ ಬೇಕು. ಒಳ್ಳೆಯ ಉದಾಹರಣೆ ಫ್ರೀಡಿವಿ ತಂಡದ ರೇಡಿಯೊ ಆಟೊಎನ್‌ಕೋಡರ್, ಚಿಕ್ಕದಾಗಿ ರೇಡ್. ಅದರಲ್ಲಿ ಮಾತು ಮೊದಲು ಬಿಟ್ ಆಗಿ, ಆಮೇಲೆ ಸಿಗ್ನಲ್ ಆಗುವ ಹಳೆಯ ದಾರಿಯೇ ಇಲ್ಲ. ತರಬೇತಿ ಕೊಟ್ಟ ನ್ಯೂರಲ್ ನೆಟ್‌ವರ್ಕ್ ಮಾತಿನ ಗುಣಗಳನ್ನು ನೇರವಾಗಿ ಗಾಳಿಗೆ ಬಿಡುವ ಸಂಕೇತಗಳಾಗಿ ಮಾಡುತ್ತದೆ. ಸುಮಾರು 1.5 ಕಿಲೋಹರ್ಟ್ಸ್ ಜಾಗದಲ್ಲಿ, ಎಚ್‌ಎಫ್‌ನಲ್ಲಿ ಮಾತಿಗೆ ಬಳಸುವ ಅನಲಾಗ್ ವಿಧಾನವಾದ ಎಸ್‌ಎಸ್‌ಬಿಗಿಂತ ಅಗಲವಾದ, ಗೊರಗೊರ ಇಲ್ಲದ ಧ್ವನಿ ಬರುತ್ತದೆ. ನಾನು ಎಚ್‌ಎಫ್‌ನಲ್ಲಿ ಮೊದಲು ಕೇಳಿದಾಗ ಬೇರೆ ಯಾವುದೋ ಆಡಿಯೊ ಬೆರೆತಿದೆ ಅಂತ ಕೇಬಲ್ ಕಿತ್ತು ನೋಡಿದೆ, ಅಷ್ಟು ಸ್ಪಷ್ಟ. ಇಂಥದ್ದಕ್ಕೆ ಹೊಸ ಹೆಸರು, ಹೊಸ ಮೋಡ್ ಎಲ್ಲವೂ ಸಲ್ಲುತ್ತದೆ. ಆದರೆ ಸುಮ್ನೆ ಇನ್ನೊಂದು 4ಎಫ್‌ಎಸ್‌ಕೆ (ನಾಲ್ಕು ಆವರ್ತನಗಳಲ್ಲಿ ಬಿಟ್ ಕಳಿಸುವ ವಿಧಾನ), ಇನ್ನೊಂದು ಫ್ರೇಮ್, ಒಳಗೆ ಅದೇ ಕೋಡೆಕ್ 2 ಅಂತ ಯಾರಾದರೂ ಬಂದರೆ, ದಯವಿಟ್ಟು ಎಂ17 ತಂಡ ಸೇರಿ ಅಂತ ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಲ್ಲಿ ಮಾಡಬೇಕಾದ್ದು ಬೇಕಾದಷ್ಟಿದೆ. 3200 ಬಿಟ್‌ನ ಕೋಡೆಕ್ 2 ಧ್ವನಿ ಅರ್ಥವಾಗುತ್ತದೆ, ಆದರೆ ತಗಡಿನ ಹಾಗೆ ಕೇಳುತ್ತದೆ. ಅದೇ ಬಿಟ್‌ಗಳಿಂದ ಇನ್ನೂ ಸಹಜವಾದ ಧ್ವನಿ ತೆಗೆಯುವ ಡಿಕೋಡರ್ ಚಿಕ್ಕ ಪ್ರೊಸೆಸರ್ ಮೇಲೆ ಓಡುವಂತಾಗಬೇಕು. ಅದಕ್ಕಿಂತ ಜಾಸ್ತಿ ಬೇಕಾದ್ದು ಹ್ಯಾಂಡ್‌ಸೆಟ್. ಓಪನ್‌ಆರ್‌ಟಿಎಕ್ಸ್ ಅನ್ನುವ ಫರ್ಮ್‌ವೇರ್ (ಸೆಟ್ ಒಳಗೆ ಓಡುವ ಸಾಫ್ಟ್‌ವೇರ್) ಇದೆ, ಕೆಲವು ಡಿಎಂಆರ್ ಸೆಟ್‌ಗಳಿಗೆ ಅದನ್ನು ಹಾಕಬಹುದು. ಆದರೆ ಅವುಗಳಲ್ಲಿ ಎಂ17 ನಡೆಯಬೇಕಾದರೆ ಸೆಟ್ ಬಿಚ್ಚಿ ಬೆಸುಗೆ ಹಾಕಬೇಕಾಗುತ್ತದೆ, ಅದು ಎಲ್ಲರಿಂದ ಆಗುವ ಕೆಲಸವಲ್ಲ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಎಂ17 ಮಾತಾಡುವ ಸಿಎಸ್7000 ಥರದ ಸೆಟ್‌ಗಳು ತೀರಾ ಕಮ್ಮಿ. ದೊಡ್ಡ ತಯಾರಕರು ಒಂದು ಮಾಡೆಲ್‌ನಲ್ಲಿ ಈ ಮೋಡ್ ಸೇರಿಸಿದರೂ ಸಾಕು, ಚಿತ್ರವೇ ಬದಲಾಗುತ್ತದೆ. ಚಿಪ್‌ಗೆ ದುಡ್ಡು ಕೊಡಬೇಕಿಲ್ಲ, ಸ್ಪೆಸಿಫಿಕೇಶನ್ ತೆರೆದಿದೆ. ಬಳಸುವವರು ಕೇಳಿದರೆ ಮಾತ್ರ ಅವರು ಅದನ್ನು ಸೇರಿಸುತ್ತಾರೆ.

ನಿಮಗೆ ಕೈಯಾಡಿಸುವ ಮನಸ್ಸಿದ್ದರೆ ಹೊಸ ಸೆಟ್ ಕೊಳ್ಳುವ ಮುಂಚೆ ಕೇಳಿ ನೋಡಿ. ಎಸ್‌ಎಸ್‌ಬಿ ರಿಸೀವರ್ ಮತ್ತು ಕಂಪ್ಯೂಟರ್ ಇದ್ದರೆ ಫ್ರೀಡಿವಿ ಸಾಫ್ಟ್‌ವೇರ್ ಹಾಕಿ, 20 ಮೀಟರ್ ಬ್ಯಾಂಡಿನಲ್ಲಿ 14.236 ಮೆಗಾಹರ್ಟ್ಸ್‌ಗೆ ಅಪ್ಪರ್ ಸೈಡ್‌ಬ್ಯಾಂಡ್‌ನಲ್ಲಿ ನಿಲ್ಲಿಸಿ. ಆ ಹೊತ್ತಿಗೆ ಯಾರು ಎಲ್ಲಿದ್ದಾರೆ ಅನ್ನುವುದನ್ನು ಅದೇ ಸಾಫ್ಟ್‌ವೇರಿನ ಫ್ರೀಡಿವಿ ರಿಪೋರ್ಟರ್ ಕಿಟಕಿ ತೋರಿಸುತ್ತದೆ. ಯಾರಾದರೂ ಸಿಕ್ಕರೆ ರೇಡ್ ಮೋಡ್‌ನಲ್ಲಿ ಒಂದು ಸಲ, ಅದೇ ಸ್ಟೇಷನ್ನನ್ನು ಎಸ್‌ಎಸ್‌ಬಿಯಲ್ಲಿ ಇನ್ನೊಂದು ಸಲ ಕೇಳಿಸಿಕೊಳ್ಳಿ.