ತಾರಸಿ ಭಾರ ತಡೆದೀತೇ? ಹೀರೆ ಕಾಯಿ ಕಚ್ಚೀತೇ?

ಕೈತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಾರಸಿಯಲ್ಲಿ ಹೀರೆ ಬಳ್ಳಿ ಚಪ್ಪರದ ತುಂಬ ಹಬ್ಬಿದೆ. ದಿನಾ ಇಪ್ಪತ್ತು ಮೂವತ್ತು ಹೂ ಬಿಡುತ್ತದೆ, ಆದರೆ ಕಾಯಿ ನಿಲ್ಲುತ್ತಿಲ್ಲ. ಪುಟ್ಟ ಹೀಚು ಬಂದರೂ ಹಳದಿಯಾಗಿ ಉದುರುತ್ತದೆ. ಯಾವ ಗೊಬ್ಬರ ಹಾಕಲಿ? (ಮೈಸೂರು)

ಉತ್ತರ: ಸದ್ಯಕ್ಕೆ ಯಾವ ಗೊಬ್ಬರವೂ ಬೇಡ. ನಿಮ್ಮ ಬಳ್ಳಿಗೆ ಹಸಿವಿಲ್ಲ, ಅದಕ್ಕೆ ಪರಾಗ ಸಿಕ್ಕಿಲ್ಲ.

ಹೀರೆಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಗಂಡು ಹೂಗಳು ಉದ್ದ ತೊಟ್ಟಿನ ಗೊಂಚಲಲ್ಲಿ ಬರುತ್ತವೆ, ಹೆಣ್ಣು ಹೂ ಒಂಟಿ. ಅದರ ಹಿಂದೆ ಗೆರೆಗೆರೆಯ ಪುಟಾಣಿ ಹೀರೇಕಾಯಿಯೇ ಅಂಟಿಕೊಂಡಿರುತ್ತದೆ. ಮೊದಲ ಒಂದೆರಡು ವಾರ ಬರೀ ಗಂಡು ಹೂ ಬರುವುದು ಸಹಜ. ನಿಮ್ಮಲ್ಲಿ ಹೀಚು ಕಂಡಿದೆ ಅಂದರೆ ಆ ಹಂತ ದಾಟಿದೆ.

ಹೀರೆ ಹೂ ಅರಳುವುದು ಸಂಜೆ ಐದರ ಮೇಲೆ. ಅಷ್ಟು ಹೊತ್ತಿಗೆ ಜೇನುನೊಣ ಗೂಡು ಸೇರುವ ತಯಾರಿಯಲ್ಲಿರುತ್ತದೆ. ಹೊಲದಲ್ಲಾದರೆ ಪತಂಗಗಳು ಆ ಕೆಲಸ ಮಾಡುತ್ತವೆ, ಮೂರನೇ ಮಹಡಿಯ ತಾರಸಿಗೆ ಅವು ಬರುವುದು ಕಡಿಮೆ. ಹಾಗಾಗಿ ಸಂಜೆ ಆರರ ಸುಮಾರಿಗೆ ನೀವೇ ಹತ್ತಿ ಹೋಗಿ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಕೇಸರವನ್ನು ಬೆರಳಿಗೆ ತಾಗಿಸಿ ನೋಡಿ. ಪುಡಿ ಅಂಟಿದರೆ ಸರಿ. ಹೆಣ್ಣು ಹೂವಿನ ನಡುವೆ ಇರುವ ಮೂರು ಹೋಳಿನ ಶಲಾಕೆಯ ಮೇಲೆ ಆ ಕೇಸರವನ್ನು ಮೆತ್ತಗೆ, ಮೂರೂ ಹೋಳಿಗೆ ತಾಗುವಂತೆ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂವಿಗೆ ಸಾಕು. ಮೂರು ನಾಲ್ಕು ದಿನದಲ್ಲಿ ಹೀಚು ಕಡು ಹಸಿರಾಗಿ ಉದ್ದವಾದರೆ ಕಾಯಿ ಕಚ್ಚಿದೆ ಎಂದರ್ಥ. ಹಾಗಲಕ್ಕೆ ಇದನ್ನೇ ಬೆಳಗ್ಗೆ ಒಂಬತ್ತರೊಳಗೆ ಮಾಡಬೇಕು, ಸೋರೆಗೆ ಮತ್ತೆ ಸಂಜೆಯೇ.

ಕಾಯಿ ಬೆರಳುದ್ದ ಬೆಳೆದ ಮೇಲೆ ಸೊಟ್ಟಗಾಗಿ, ಮೇಲೆ ಅಂಟಿನ ಹನಿ ಕಂಡು ಹಳದಿಯಾದರೆ ಅದು ಬೇರೆಯೇ ಕತೆ: ಹಣ್ಣುನೊಣ ಒಳಗೆ ಮೊಟ್ಟೆ ಇಟ್ಟಿದೆ. ಅಂಥ ಕಾಯಿಯನ್ನು ಕಾಂಪೋಸ್ಟಿಗೆ ಹಾಕಬೇಡಿ, ಹುಳು ಅಲ್ಲೇ ಕೋಶವಾಗಿ ನೊಣವಾಗಿ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕು ದಿನ ಬಿಸಿಲಿಗಿಟ್ಟು ಎಸೆಯಿರಿ. ಉಳಿದ ಎಳೆ ಕಾಯಿಗಳಿಗೆ ಕಾಗದದ ಕವರ್ ಕಟ್ಟಿ.

ಪ್ರಶ್ನೆ: ಹದಿನೈದು ವರ್ಷ ಹಳೆಯ ಮನೆ. ತಾರಸಿಯಲ್ಲಿ ಎಷ್ಟು ಗ್ರೋ ಬ್ಯಾಗ್ ಇಡಬಹುದು? ಬರೀ ಕೆಂಪು ಮಣ್ಣು ತುಂಬಿದರೆ ಆಗದೇ? (ಬೆಂಗಳೂರು)

ಉತ್ತರ: ಜನ ಓಡಾಡುವ ಮಟ್ಟಸ ತಾರಸಿಗೆ ಭಾರತೀಯ ಮಾನಕ 875ರ (ಕಟ್ಟಡ ಎಷ್ಟು ಭಾರಕ್ಕೆ ತಯಾರಿರಬೇಕೆಂದು ಹೇಳುವ ನಿಯಮಾವಳಿ) ಪ್ರಕಾರ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 150 ಕಿಲೋ. ನಿಮ್ಮ ಕುಂಡ, ನೀವು, ಬಟ್ಟೆ ಒಣಗಿಸಲು ಬರುವವರು ಎಲ್ಲ ಅದರಲ್ಲೇ ಬರಬೇಕು.

12 ಇಂಚು ಅಗಲ, 12 ಇಂಚು ಎತ್ತರದ ಚೀಲಕ್ಕೆ 10 ಇಂಚಿನವರೆಗೆ ತುಂಬಿದರೆ ಸುಮಾರು 18 ಲೀಟರ್ ಹಿಡಿಯುತ್ತದೆ. ಬರೀ ಕೆಂಪು ಮಣ್ಣಾದರೆ ನೀರುಂಡಾಗ 30 ಕಿಲೋ ದಾಟುತ್ತದೆ. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಬೆರೆಸಿದರೆ 20 ಕಿಲೋ ಆಸುಪಾಸು. ಚದರ ಮೀಟರಿಗೆ ಒತ್ತಾಗಿ ಒಂಬತ್ತು ಚೀಲ ಹಿಡಿಸುತ್ತವೆ, ಆದರೆ ಹಗುರ ಮಿಶ್ರಣವಾದರೂ ಐದಕ್ಕೆ ನಿಲ್ಲಿಸಿ. ಅವನ್ನೂ ನಡುಮಧ್ಯೆ ಇಡದೆ ಗೋಡೆ, ತೊಲೆ ಇರುವ ಸಾಲಿನಲ್ಲಿ ಇಡಿ. ಬಿರುಕು, ಸೋರಿಕೆ ಈಗಾಗಲೇ ಇದ್ದರೆ ಚೀಲ ಕೊಳ್ಳುವ ಮೊದಲು ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಬರೀ ಕೆಂಪು ಮಣ್ಣು ಬೇಡ ಎನ್ನಲು ಭಾರವೊಂದೇ ಕಾರಣವಲ್ಲ. ಕುಂಡದಲ್ಲಿ ಅದು ಎರಡೇ ತಿಂಗಳಿಗೆ ಇಟ್ಟಿಗೆಯಂತೆ ಬಿಗಿಯುತ್ತದೆ, ಬೇರಿಗೆ ಗಾಳಿ ಸಿಗದು. ಹತ್ತು ಚೀಲಕ್ಕೆ 60 ಲೀಟರ್ ಮಣ್ಣು, 5 ಕಿಲೋದ ಒಂದು ಕೋಕೋಪೀಟ್ ಇಟ್ಟಿಗೆ (ನೆನೆದರೆ 60 ಲೀಟರಿಗೂ ಮೀರಿ ಉಬ್ಬುತ್ತದೆ), ಸುಮಾರು 40 ಕಿಲೋ ಎರೆಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ. ಕೋಕೋಪೀಟನ್ನು ನೆನೆಸಿ, ಹಿಂಡಿ, ಎರಡು ಸಲ ನೀರು ಬದಲಿಸಿ. ಕಂದು ನೀರಿನ ಜೊತೆ ಉಪ್ಪೂ ಹೋಗಬೇಕು. ತೊಳೆಯದೆ ಹಾಕಿದ ಕುಂಡಗಳಲ್ಲಿ ಎಲೆಯ ಅಂಚು ಸುಟ್ಟಂತಾಗುತ್ತದೆ, ಜನ ಅದಕ್ಕೂ ಗೊಬ್ಬರ ಸುರಿಯುತ್ತಾರೆ! ಚೀಲದಡಿ ಇಟ್ಟಿಗೆ ಇಟ್ಟು ಎರಡು ಇಂಚು ಎತ್ತರಿಸಿ. ಮಳೆನೀರಿನ ಕೊಳವೆಯ ಬಾಯಿಗೆ ಜಾಲರಿ ಹಾಕಿ, ನಾರು ಕಟ್ಟಿಕೊಂಡರೆ ತಾರಸಿಯೇ ಕೆರೆ.

ಪ್ರಶ್ನೆ: ಮೆಣಸಿನ ಗಿಡದ ಕುಡಿ ಎಲೆ ಮುರುಟಿಕೊಂಡಿದೆ. ಹುಳಿ ಮಜ್ಜಿಗೆ ಹೊಡೆದೆ, ಪ್ರಯೋಜನವಿಲ್ಲ. (ದಾವಣಗೆರೆ)

ಉತ್ತರ: ಎಲೆ ಯಾವ ಕಡೆಗೆ ಮುರುಟಿದೆ ಎಂದು ನೀವು ಬರೆದಿಲ್ಲ, ಔಷಧ ನಿರ್ಧಾರವಾಗುವುದೇ ಅದರ ಮೇಲೆ. ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಕುಡಿಯನ್ನು ಬಿಳಿ ಹಾಳೆಯ ಮೇಲೆ ತಟ್ಟಿ, ಒಣಹುಲ್ಲಿನ ಬಣ್ಣದ ಸಣ್ಣ ಗೀಟುಗಳು ಓಡಾಡಿದರೆ ಖಾತ್ರಿ. ಅಂಚು ಕೆಳಕ್ಕೆ ಬಾಗಿ, ಎಲೆ ಬೋರಲು ದೋಣಿಯಂತಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ, ಅದು ಬರಿಗಣ್ಣಿಗೆ ಕಾಣದು.

ಥ್ರಿಪ್ಸಿಗೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1 ಮಿಲಿ ದ್ರವ ಸೋಪು. ಸೋಪನ್ನು ಎಣ್ಣೆಗೆ ಕಲಸಿ ಆಮೇಲೆ ನೀರು ಬೆರೆಸಿ, ಇಲ್ಲವಾದರೆ ಎಣ್ಣೆ ಮೇಲೆ ತೇಲುತ್ತದೆ. ಸಂಜೆ, ಎಲೆಯ ಅಡಿಭಾಗ ತೊಯ್ಯುವಂತೆ, ವಾರಕ್ಕೊಮ್ಮೆ ಮೂರು ಸಲ. ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ. ಸುಡುಬಿಸಿಲಲ್ಲಿ ಗಂಧಕ ಹೊಡೆಯಬೇಡಿ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೂ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ. ಹಾಳಾದ ಎಲೆ ಮತ್ತೆ ನೆಟ್ಟಗಾಗದು, ಹೊಸ ಚಿಗುರನ್ನು ನೋಡಿ. ಚಿಗುರೂ ಗಿಡ್ಡವಾಗಿ, ಹಳದಿ ಮಿಶ್ರವಾಗಿ ಬಂದರೆ ಬಿಳಿ ನೊಣ ಹರಡುವ ನಂಜು ರೋಗ. ಅದಕ್ಕೆ ಮದ್ದಿಲ್ಲ, ಗಿಡ ಕಿತ್ತುಬಿಡಿ.

ಪ್ರಶ್ನೆ: ಕಾಂಪೋಸ್ಟ್ ಡಬ್ಬದಲ್ಲಿ ಬಿಳಿ ಹುಳು, ಕೆಟ್ಟ ವಾಸನೆ. ಮನೆಯವರು ಬಿಸಾಡು ಅನ್ನುತ್ತಿದ್ದಾರೆ. (ಶಿವಮೊಗ್ಗ)

ಉತ್ತರ: ಹುಳುವಿಗೆ ಹೆದರಬೇಡಿ, ಕಸವನ್ನು ಅದೂ ತಿನ್ನುತ್ತದೆ. ವಾಸನೆಗೆ ಕಾರಣ ನೀರು ಹೆಚ್ಚಾಗಿ ಗಾಳಿ ಆಡದಿರುವುದು. ಒಂದು ಹಿಡಿ ತೆಗೆದು ಹಿಂಡಿ. ಹನಿ ತೊಟ್ಟಿಕ್ಕಿದರೆ ಒಣ ಎಲೆ ಅಥವಾ ಕೋಕೋಪೀಟ್ ಧಾರಾಳವಾಗಿ ಬೆರೆಸಿ ಬುಡದಿಂದ ತಿರುವಿ. ಸಾರು, ಮೊಸರನ್ನ ಹಾಕುವುದನ್ನು ನಿಲ್ಲಿಸಿ.

ಪ್ರಶ್ನೆ: ಫೆಬ್ರವರಿಯಲ್ಲಿ ಬಿತ್ತಿದ ಅವರೆ ಬಳ್ಳಿ ಮಳೆಗಾಲ ಬಂದರೂ ಹೂ ಬಿಟ್ಟಿಲ್ಲ. ಬೀಜ ಮೋಸವೇ? (ತುಮಕೂರು)

ಉತ್ತರ: ಬೀಜದ್ದಲ್ಲ, ಹಗಲಿನದು. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಹೂ ಬಿಡದು. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಹೂ ಬರುವ ಕಾಲ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕುಂಡದವರು ಆಗಸ್ಟ್‌ನಲ್ಲಿ ಬಿತ್ತುವುದು ಜಾಣತನ, ಬಳ್ಳಿ ಅಳತೆಯಲ್ಲಿರುತ್ತದೆ. ವರ್ಷವಿಡೀ ಬೇಕೆಂದರೆ ಹಗಲಿನ ಉದ್ದ ಲೆಕ್ಕಿಸದ ಗಿಡ್ಡ ತಳಿಗಳಿವೆ: ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಮತ್ತು 4, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್. ಆದರೆ ಚಳಿಗಾಲದ ಆ ಸೊಗಡೇ ಬೇಕು ಎನ್ನುವವರು ನಾಟಿ ಬೀಜವನ್ನೇ ನೆಟ್ಟು ಕಾಯಬೇಕು. ನಿಮ್ಮ ಈಗಿನ ಬಳ್ಳಿಯನ್ನು ಕೀಳಬೇಡಿ, ಅರ್ಧಕ್ಕೆ ಕತ್ತರಿಸಿ ಬಿಡಿ.